ಏರ್ ರೈಫಲ್ ಗುಂಡಿನ 'ಸ್ಕರ್ಟ್'ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಒಂದು ಪದ ಕೇಳೋಣ ಅಂತ ಶುರುಮಾಡಿದೆ. ಬರೆಯುತ್ತಾ ಹೋದ ಹಾಗೆ ಅದರ ಜೊತೆ ಇನ್ನೂ ಕೆಲವು ಸೇರಿಕೊಂಡವು.

ಏರ್ ರೈಫಲ್‌ಗೆ ಹಾಕುವ ಸೀಸದ ಪೆಲೆಟ್‌ಗಳನ್ನು ಮನೆಯಲ್ಲೇ ಎರಕ ಹೊಯ್ದು, ತೂಗಿ, ಗುರಿಹಲಗೆಗೆ ಹೊಡೆದು ನೋಡುವ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಕದ ಭಾಗ ಸಲೀಸಾಗಿ ಬಂತು. ಅಚ್ಚು, ಎರಕ, ಹದ ಎಲ್ಲ ನಮ್ಮಲ್ಲೇ ಇವೆ. ಕರಗಿದ ಸೀಸದ ಮೇಲೆ ಕಟ್ಟುವ ಕೊಳೆಗೆ ಕಿಟ್ಟ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಚ್ಚು ಸಾಕಷ್ಟು ಕಾಯದಿದ್ದರೆ ಗುಂಡಿನ ಮೈ ಸುಕ್ಕಾಗುತ್ತದೆ. ಒಂದು ಹನಿ ನೀರು ಬಿದ್ದರೂ ಅದು ತಟ್ಟನೆ ಆವಿಯಾಗಿ ಸೀಸ ಸಿಡಿಯುತ್ತದೆ. ಇಲ್ಲಿ 'ಸ್ಫೋಟ' ಅಂತ ಬರೆಯೋಕೆ ಹೋಗಿ ಅಳಿಸಿದೆ. 'ಸಿಡಿ' ಅಂದರೆ ಓದುವವರು ಆಗಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎಚ್ಚರಿಕೆಯ ಮಾತಿಗೆ ಅದೇ ಬೇಕಲ್ವಾ?

ತಡವರಿಸಿದ್ದು ಗುಂಡಿನ ಆಕಾರದ ಹತ್ತಿರ ಬಂದಾಗ.

ಮೊದಲಿಗೆ, 'ಗುಂಡು' ಅಂತ ಕರೆಯಬಹುದೇ? ಗುಂಡಗೆ ಇರುವುದು ಗುಂಡು. ಗುಂಡುಕಲ್ಲು, ಗುಂಡುಸೂಜಿ ಅನ್ನುತ್ತೇವೆ. ಪೆಲೆಟ್ ಗುಂಡಗಿಲ್ಲ. ಆದರೆ ಈಗಿನ ಬಂದೂಕುಗಳ ಚೂಪು ಮೂತಿಯ ಉದ್ದನೆಯವೂ ನಮಗೆ ಗುಂಡುಗಳೇ. ಹಾಗಾಗಿ ಈ ಪದಕ್ಕೆ ಆಕಾರದ ಹಂಗು ಯಾವತ್ತೋ ಬಿಟ್ಟುಹೋಗಿದೆ ಅಂತ ನನ್ನ ಅನಿಸಿಕೆ. 'ಚರೆ' ಅನ್ನಬಹುದಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಚರೆ ಅಂದರೆ ಒಂದು ಈಡಿಗೆ ಹತ್ತಾರು ಒಟ್ಟಿಗೆ ಹೋಗುವ ಸಣ್ಣ ಗೋಲಿಗಳು. ಇದು ಒಂದೊಂದೇ ಹೋಗುವಂಥದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ 'ಪೆಲೆಟ್' ನಡೆಯುತ್ತದೆ. ನಮ್ಮಲ್ಲಿ ಬೇರೆ ಬೇರೆ ಪದ ಇರುವಾಗ ಸುಮ್ನೆ ಕಲಸುವುದು ಯಾಕೆ?

ಇನ್ನು ಆಕಾರ. ಎರಡು ಬಟ್ಟಲುಗಳ ಬೆನ್ನಿಗೆ ಬೆನ್ನು ಅಂಟಿಸಿದಂತಿರುವ ಡಯಾಬೊಲೊ ಎಂಬ ಆಟಿಕೆ ಇದೆ. ನಡು ಸಣ್ಣಗಿರುವ ಈ ಪೆಲೆಟ್‌ಗೆ ಅದೇ ಹೆಸರು ಬಂದಿದೆ. ಆ ಆಟಿಕೆಯನ್ನು ನೋಡದ ಕನ್ನಡಿಗರಿಗೆ ಆ ಹೆಸರಿನಿಂದ ಏನೂ ಕಾಣುವುದಿಲ್ಲ. 'ಬುಡುಬುಡಿಕೆ ಗುಂಡು' ಅಂದರೆ ಆಕಾರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಇದು ನನಗೆ ತುಂಬಾ ಇಷ್ಟವಾಯಿತು.

ಈಗ ಮುಖ್ಯ ಪ್ರಶ್ನೆ. ಈ ಗುಂಡಿಗೆ ಮುಂದೆ ತಲೆ, ನಡುವೆ ಸೊಂಟ. ಹಿಂದಿನ ತೆಳ್ಳನೆಯ ಟೊಳ್ಳು ಭಾಗಕ್ಕೆ ಇಂಗ್ಲಿಷಿನಲ್ಲಿ 'ಸ್ಕರ್ಟ್' ಅನ್ನುತ್ತಾರೆ. ಸೊಂಟದ ಕೆಳಗೆ ಲಂಗ, ಅಷ್ಟರಮಟ್ಟಿಗೆ ಸರಿಯೇ. ಆದರೆ 'ಲಂಗ ನಗ್ಗಿದೆ', 'ಲಂಗ ಸೋರುತ್ತಿದೆ' ಅಂತ ಬರೆದು ನೋಡಿ. ಓದುವವರ ಗಮನ ಗುಂಡಿನಿಂದ ಎಲ್ಲೆಲ್ಲಿಗೋ ಹೋಗುತ್ತದೆ. 'ಸೆರಗು' ಇನ್ನೂ ದೂರ. 'ಬಾಯಿ' ಅಂದರೆ ಅಚ್ಚಿನ ಬಾಯಿ, ನಳಿಗೆಯ ಬಾಯಿ, ಗುಂಡಿನ ಬಾಯಿ ಎಲ್ಲ ಒಂದೇ ವಾಕ್ಯದಲ್ಲಿ ಗಲಾಟೆ.

ಆಮೇಲೆ ಹೆಸರು ಬಿಟ್ಟು, ಅದು ಮಾಡುವ ಕೆಲಸ ಏನು ಅಂತ ನೋಡಿದೆ. ಇಲ್ಲಿ ಮದ್ದಿಲ್ಲ, ತಳ್ಳುವುದು ಬರೀ ಗಾಳಿ. ಆ ಗಾಳಿ ಹಿಂದಿನ ಟೊಳ್ಳಿಗೆ ನುಗ್ಗಿದಾಗ ತೆಳು ಅಂಚು ಹೊರಕ್ಕೆ ಅರಳುತ್ತದೆ. ಅರಳಿ ನಳಿಗೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಗಾಳಿ ಪಕ್ಕದಿಂದ ಸೋರುವುದಿಲ್ಲ. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು ಗುಂಡು ತಿರುಗುತ್ತಾ ಹೊರಡುತ್ತದೆ. ಮನೆಯ ಗುಂಡು ಕೈಕೊಡುವುದೂ ಜಾಸ್ತಿ ಇಲ್ಲೇ. ಅಚ್ಚಿನಲ್ಲಿ ಆ ತೆಳು ಅಂಚಿನ ಸೀಸ ಎಲ್ಲಕ್ಕಿಂತ ಮೊದಲು ಆರುತ್ತದೆ, ಹಾಗಾಗಿ ಪೂರ್ತಿ ತುಂಬದೆ ಮುಕ್ಕಾಗುತ್ತದೆ. ಅಪ್ಪಟ ಸೀಸಕ್ಕೆ ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ, ಅಷ್ಟು ಮೆದು. ಕಾರಿನ ಚಕ್ರಕ್ಕೆ ಹೊಡೆಯುವ ಹಳೆಯ ಸೀಸದ ತೂಕದ ತುಂಡುಗಳಲ್ಲಿ ಆಂಟಿಮನಿ ಬೆರೆತಿರುತ್ತದೆ. ಅದನ್ನು ಕರಗಿಸಿ ಮಾಡಿದ ಗುಂಡು ಗಟ್ಟಿ, ಅದರ ಅಂಚು ಸರಿಯಾಗಿ ಅರಳುವುದಿಲ್ಲ.

ಇದನ್ನು ಬರೆಯುವಾಗ 'ಅರಳು' ಅನ್ನುವುದು ಮೂರು ಸಲ ತಾನಾಗಿ ಬಂತು. ಹಾಗಿದ್ದರೆ ಇದಕ್ಕೆ 'ಅರಳಂಚು' ಅನ್ನಬಹುದೇ? ಅರಳು, ಅಂಚು ಎರಡೂ ಎಲ್ಲರ ಬಾಯಲ್ಲಿರುವ ಪದಗಳು. 'ಅರಳಂಚು ನಗ್ಗಿದೆ' ಅಂದರೆ ಗುಂಡು ಯಾಕೆ ಅಡ್ಡದಾರಿ ಹಿಡಿಯಿತು ಅಂತಲೂ ಗೊತ್ತಾಗುತ್ತದೆ.

ತೂಕದ ಕಡೆ ಬರೋಣ. ಇದನ್ನು ಗ್ರೇನ್ ಲೆಕ್ಕದಲ್ಲಿ ಹೇಳುವುದು ರೂಢಿ. 8 ಗ್ರೇನ್ ಅಂದರೆ ಸುಮಾರು 0.52 ಗ್ರಾಂ. ಗ್ರೇನ್ ಅಂದರೂ ಕಾಳೇ. ಒಳಗೆ ಗಾಳಿಗುಳ್ಳೆ ಉಳಿದ ಗುಂಡು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ತಕ್ಕಡಿಯಲ್ಲಿ ಮಾತ್ರ ಹಗುರ. ಇಂಥವನ್ನು ಹೆಕ್ಕಿ ಹಾಕುವುದಕ್ಕೆ 'ಜಳ್ಳು ತೆಗೆಯುವುದು' ಅಂತ ಬರೆದಿದ್ದೇನೆ. ಇದನ್ನು ಬದಲಿಸುವ ಮನಸ್ಸಿಲ್ಲ.

ಕೊನೆಯದು ಹೊಡೆದು ನೋಡುವ ಭಾಗ. ಒಂದೇ ಕಡೆ ಗುರಿಯಿಟ್ಟು ಐದು ಗುಂಡು ಹೊಡೆದರೆ ಹಾಳೆಯಲ್ಲಿ ಐದು ತೂತು. ಅತಿ ದೂರದ ಎರಡು ತೂತುಗಳ ನಡುಬಿಂದುಗಳ ಅಂತರವನ್ನು ಅಳೆಯುತ್ತಾರೆ. ಆ ಐದೂ ತೂತು ಸೇರಿದ್ದಕ್ಕೆ 'ಗ್ರೂಪ್' ಎಂಬ ಮಾತಿದೆ. 'ಗುಂಪು' ಅನ್ನುವುದಕ್ಕಿಂತ 'ಗೊಂಚಲು' ಚೆಂದ. 'ಗೊಂಚಲು ಬಿಗಿಯಾಗಿದೆ', 'ಗೊಂಚಲು ಚದುರಿದೆ' ಎರಡೂ ಕಿವಿಗೆ ಹಿತವಾಗಿವೆ. ತೊಡಕು ಇರುವುದು 'ನಿಖರ' ಎಂಬ ಪದದಲ್ಲಿ. ಗುಂಡುಗಳೆಲ್ಲ ಒಂದೇ ಕಡೆ ಬಿದ್ದರೂ ನಿಖರ, ಗುರಿಯ ನಡುವಿಗೇ ಬಿದ್ದರೂ ನಿಖರ ಅನ್ನುತ್ತೇವೆ. ಇವೆರಡೂ ಬೇರೆ. 10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿಲಿಮೀಟರ್, ಹೊಡೆಯುವ ಗುಂಡು 4.5 ಮಿಲಿಮೀಟರ್. ಗೊಂಚಲು ಬಿಗಿಯಾಗಿದ್ದು ಚುಕ್ಕಿಯಿಂದ ಎಡಕ್ಕೆ ಬಿದ್ದಿದ್ದರೆ ಗುಂಡಿನದು ತಪ್ಪಿಲ್ಲ, ರೈಫಲ್ ಮೇಲೆ ಗುರಿ ಹಿಡಿಯಲು ಇರುವ 'ಸೈಟ್' ತಿರುಗಿಸಿದರೆ ಸರಿಹೋಗುತ್ತದೆ. ಗೊಂಚಲೇ ಚದುರಿದ್ದರೆ ಮತ್ತೆ ಎರಕಕ್ಕೆ, ಅರಳಂಚಿಗೆ, ತಕ್ಕಡಿಗೆ ಹೋಗಬೇಕು. ಈ ವ್ಯತ್ಯಾಸ ಹೇಳಲು ಎರಡು ಬೇರೆ ಪದ ಬೇಕೇ ಬೇಕು. ಒಂದಕ್ಕೆ 'ಬಿಗಿ' ಸಾಕು ಅನಿಸುತ್ತದೆ. ಇನ್ನೊಂದಕ್ಕೆ 'ನಿಖರ'ವನ್ನೇ ಉಳಿಸಿಕೊಳ್ಳೋಣವೇ, ಅಥವಾ 'ಗುರಿಗೂಡಿದೆ' ಅಂತ ಏನಾದರೂ ಹೊಸದು ಕಟ್ಟೋಣವೇ?

ಅಚ್ಚಿಗೆ ಹೊಯ್ದ ಜಾಗದಲ್ಲಿ ಬಾಲದಂತೆ ಉಳಿದು, ಆಮೇಲೆ ಕತ್ತರಿಸಿ ತೆಗೆಯುವ ಸೀಸದ ತುಣುಕಿಗೆ ಎರಕದ ಕೆಲಸದವರು ಏನನ್ನುತ್ತಾರೆ? ಮನೆಯಲ್ಲಿ ಯಾರಾದರೂ ಈ ಕಸುಬು ಮಾಡಿದವರಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.