ಆರು ಎಕರೆ ದೇವರಕಾಡಿನಲ್ಲಿ ಮರದ ಜಾತಿಗಳು ಕಡಿಮೆಯಾಗಿಯೇ ಇಲ್ಲವಲ್ಲ?

ಕಾಫಿಬೇಲಿ:
ದಕ್ಷಿಣ ಕೊಡಗಿನ ಒಂದು ದೇವರಕಾಡು, ಸುಮಾರು 6 ಎಕರೆ. ನಾಲ್ಕೂ ಕಡೆ ಕಾಫಿ ತೋಟ. ಸುತ್ತಳತೆ 30 ಸೆಂ.ಮೀ. ದಾಟಿದ ಮರಗಳನ್ನೆಲ್ಲ ಎಣಿಸಿದ್ದಾಗಿದೆ. ಹತ್ತಿರದ ಮೀಸಲು ಅರಣ್ಯದ ಅಷ್ಟೇ ಜಾಗಕ್ಕೆ ಹೋಲಿಸಿದರೆ ಇಲ್ಲಿಯ ಜಾತಿಗಳ ಪಟ್ಟಿಯೇ ಉದ್ದ. ಕಾಡು ತುಂಡಾದರೆ ವೈವಿಧ್ಯ ಕುಸಿಯುತ್ತದೆ ಅನ್ನುತ್ತಾರಲ್ಲ, ಎಣಿಕೆಯಲ್ಲೇನಾದರೂ ತಪ್ಪಿದೆಯೇ?

ಬಲಗಿ:
ಎಣಿಕೆ ಸರಿಯಿದೆ. ಆದರೆ ನೀವು ಎಣಿಸಿದ್ದು ಅಜ್ಜಂದಿರನ್ನು ಮಾತ್ರ. ಕೊಡಗಿನ ದೇವರಕಾಡುಗಳು 1905ರಲ್ಲಿ ಒಟ್ಟು 15,500 ಎಕರೆಯಷ್ಟಿದ್ದವು, 1985ರ ಹೊತ್ತಿಗೆ ಉಳಿದದ್ದು ಸುಮಾರು 6,300. ಈಗ ನಿಂತಿರುವ ದೊಡ್ಡ ಮರಗಳಲ್ಲಿ ಎಷ್ಟೋ ಮೊಳೆತದ್ದು ಆ ಹಳೆಯ ದೊಡ್ಡ ಕಾಡಿನಲ್ಲಿ. ಕಾಡು ಹೋಗುವುದು ಇವತ್ತು, ಜಾತಿ ಹೋಗುವುದು ಆ ಮರ ಮುದಿಯಾಗಿ ಬಿದ್ದ ದಿನ. ಇದಕ್ಕೆ ‘ಅಳಿವಿನ ಸಾಲ’ ಎಂಬ ಹೆಸರೇ ಇದೆ.

ಪಟ್ಟಿ ಉದ್ದವಾಗುವುದಕ್ಕೂ ಕಾರಣವಿದೆ. 6 ಎಕರೆಯನ್ನು ಚೌಕ ಅಂದುಕೊಳ್ಳಿ, ಒಂದು ಬದಿ 156 ಮೀಟರ್. ನಟ್ಟನಡುವೆ ನಿಂತರೂ ಅಂಚು 78 ಮೀಟರ್ ದೂರ ಅಷ್ಟೆ. ಬ್ರೆಜಿಲ್‌ನ ಮನೌಸ್ ಬಳಿ 1979ರಲ್ಲಿ ಶುರುವಾದ ಪ್ರಯೋಗದಲ್ಲಿ 1, 10, 100 ಹೆಕ್ಟೇರಿನ ಕಾಡಿನ ತುಂಡುಗಳನ್ನು ದಶಕಗಟ್ಟಲೆ ಅಳೆದಿದ್ದಾರೆ. ಅಂಚಿನಿಂದ 100 ಮೀಟರ್ ಒಳಗೆ ಮರಗಳು ಸಾಯುವ ವೇಗ ಎದ್ದು ಕಾಣುವಷ್ಟು ಹೆಚ್ಚು. ಒಣಗಾಳಿ ನುಗ್ಗುತ್ತದೆ, ಬಳ್ಳಿ ಹಬ್ಬುತ್ತದೆ, ದೊಡ್ಡ ಮರ ಬುಡಮೇಲಾಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಕಾಡಿಗೆ ಒಳಗೆ ಎಂಬುದೇ ಇಲ್ಲ. ಬಿದ್ದ ಜಾಗಕ್ಕೆ ಉಪ್ಪಳಿಗೆಯಂಥ ಬಿಸಿಲುಪ್ರಿಯ ಮರ ಬರುತ್ತದೆ. ಹಳಬರು ಇನ್ನೂ ಹೋಗಿಲ್ಲ, ಹೊಸಬರು ಬಂದಾಯಿತು, ಪಟ್ಟಿ ಬೆಳೆಯಿತು.

ಟೇಪುದಾರ:
ಹಾಗಾದರೆ ಮರಿಗಳನ್ನು ಎಣಿಸಿ. ಅಂಚಿನಿಂದ ನಡುವಿಗೆ ಮೂರು ಗೆರೆ ಎಳೆದು, ಪ್ರತಿ ಗೆರೆಯಲ್ಲಿ 0–20, 30–50, 55–75 ಮೀಟರಿಗೆ ಒಂದೊಂದು 20×20 ಮೀ. ಚೌಕ. ಪ್ರತಿ ಚೌಕದೊಳಗೆ 5×5ರ ಎರಡು ಚೌಕದಲ್ಲಿ ಒಂದು ಮೀಟರಿಗಿಂತ ಎತ್ತರದ ಗಿಡಗಳು, 1×1ರ ನಾಲ್ಕರಲ್ಲಿ ಅದಕ್ಕಿಂತ ಚಿಕ್ಕ ಸಸಿಗಳು. ದೊಡ್ಡ ಮರದ ಸುತ್ತಳತೆ ನೆಲದಿಂದ 1.37 ಮೀಟರಿನಲ್ಲಿ, ಇಳಿಜಾರಿದ್ದರೆ ಮೇಲ್ಬದಿಯಲ್ಲಿ ನಿಂತು. ಬುಡದಲ್ಲಿ ಹಲಗೆಯಂಥ ಬೇರಿದ್ದರೆ ಅದು ಮುಗಿಯುವ ಜಾಗಕ್ಕಿಂತ ಮೇಲೆ ಅಳೆಯಿರಿ, ಇಲ್ಲದಿದ್ದರೆ ಅಳತೆ ವಿಪರೀತ ಉಬ್ಬುತ್ತದೆ.

ಹೋಲಿಸುವಾಗ ಜಾಗ ಸಮ ಇದ್ದರೆ ಸಾಲದು, ಮರಗಳ ಸಂಖ್ಯೆಯೂ ಸಮ ಇರಬೇಕು. ಎರಡೂ ಕಡೆಯಿಂದ ಚೀಟಿ ಎತ್ತಿದಂತೆ 100 ಮರ ಆರಿಸಿ ಜಾತಿ ಎಣಿಸಿ, ಹಲವು ಸಲ ಮಾಡಿ ಸರಾಸರಿ ತೆಗೆಯಿರಿ. ರೊಬಸ್ಟಾ ಕಾಫಿ ಸಸಿಗಳಿಗೆ ಬೇರೆ ಕಾಲಂ ಇರಲಿ. ತೋಟದಿಂದ ಕಾಡಿಗೆ ನುಗ್ಗುವುದರಲ್ಲಿ ಅದು ನಿಸ್ಸೀಮ.

ಕಾಫಿಬೇಲಿ:
ಸಾಲುಧೂಪದ ಮರದ ಬುಡದಲ್ಲಿ ಸಸಿಗಳು ಹಾಸಿದ ಹಾಗಿವೆ. ಅಷ್ಟಾದರೂ ಸಮಾಧಾನ ತಾನೇ?

ರಾಮಪತ್ರೆ:
ಈಗಲೇ ಸಮಾಧಾನ ಬೇಡ. ಧೂಪದ ಕಾಯಿ ಭಾರ, ತಾಯಿಮರದ ಕೆಳಗೇ ಬಿದ್ದು ಮಳೆಗೆ ಒಮ್ಮೆಲೇ ಮೊಳೆಯುತ್ತದೆ. ನೋಡಬೇಕಾದದ್ದು ಬೇಸಿಗೆ ದಾಟಿ ಎದೆಮಟ್ಟ ಬಂದವು ಎಷ್ಟು ಎಂದು. ಹಬ್ಬಕ್ಕೆ ಮುಂಚೆ ಕಳೆ ಕೊಚ್ಚುವ ಯಂತ್ರ ಆಡಿಸುತ್ತಾರಾದರೆ ಉತ್ತರ ಬಹುತೇಕ ಸೊನ್ನೆ. ಆಡಿಸುವ ಮೊದಲು ಬೇಕಾದ ಗಿಡಗಳ ಪಕ್ಕ ಬಣ್ಣ ಬಳಿದ ಗೂಟ ನೆಡಿ.

ರಾಮಪತ್ರೆ ಮತ್ತು ಬಿಳಿ ದೇವದಾರು ಮರಗಳ ಕಥೆ ಬೇರೆ. ಬೀಜ ದೂರ ಹೋಗುವುದು ಮಂಗಟ್ಟೆಯಂಥ ದೊಡ್ಡ ಹಣ್ಣುಬಾಕ ಹಕ್ಕಿ ಬಂದರೆ. ರಾಮಪತ್ರೆಯಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಒಂದೇ ಹೆಣ್ಣುಮರ ಉಳಿದು ಹತ್ತಿರದಲ್ಲಿ ಗಂಡು ಇಲ್ಲದಿದ್ದರೆ ನಿಮ್ಮ ಪಟ್ಟಿಯಲ್ಲಿ ಜಾತಿ ಇದೆ, ಕಾಡಿನಲ್ಲಿ ಅದರ ಸಂತಾನ ಇಲ್ಲ. ಬೀಜದ ಮೇಲಿನ ಪತ್ರೆಗೆಂದು ಕಾಯಿ ಪೂರ್ತಿ ಕೊಯ್ದರೆ ಹಕ್ಕಿಗೂ ಏನೂ ಉಳಿಯದು.

ನೆಡುವುದಾದರೆ ಧೂಪ, ರಾಮಪತ್ರೆ ಎರಡರ ಬೀಜವನ್ನೂ ಒಣಗಿಸಬೇಡಿ. ಒಣಗಿದರೆ ಸತ್ತಂತೆಯೇ, ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಅನ್ನುವ ಮಾತಿಲ್ಲ. ಆರಿಸಿದ ವಾರದೊಳಗೆ, ಆಳದ ಚೀಲದಲ್ಲಿ ಕಾಡುಮಣ್ಣು ತುಂಬಿ, ನೆರಳಲ್ಲಿ ಹಾಕಿ. ಧೂಪಕ್ಕೆ ಬೇರು ಆಗಲೇ ಹೊರಬಂದಿದ್ದರೆ ಅದು ಕೆಳಮುಖವಾಗಿರಲಿ. ಮುರಿದರೆ ಆ ಬೀಜ ಬಿಟ್ಟುಬಿಡಿ. ಒಂದೇ ಮರದ ಬೀಜ ಬೇಡ, ಸುತ್ತಲಿನ ಬೇರೆ ದೇವರಕಾಡುಗಳಿಂದಲೂ ತನ್ನಿ. ಇನ್ನು ತೋಟದವರು ನೆರಳಿಗೆ ಸಿಲ್ವರ್ ಓಕ್ ಬದಲು ಹಣ್ಣು ಬಿಡುವ ಕಾಡುಮರ ಉಳಿಸಿಕೊಂಡರೆ ಮಂಗಟ್ಟೆಗೆ ದಾರಿ ಸಿಗುತ್ತದೆ. ಬೇಲಿಯಾಚೆಗಿನ ಆ ಮಾತುಕತೆಯನ್ನು ನರ್ಸರಿಗಿಂತ ಮೊದಲು ಶುರುಮಾಡಿ.