ವಿಜಯಪುರ ಹಳೇ ಓಣಿ ಗುಂಪು: ನಿನ್ನೆ ರಾತ್ರಿಯ ನಡುಕ

ಮನೆ 14: ರಾತ್ರಿ 11.40ಕ್ಕೆ ನಾಗಂದಿಗೆ ಮೇಲಿನ ಹಿತ್ತಾಳೆ ಚರಿಗೆ ಉರುಳಿ ಬಿತ್ತು. ಜಂತಿ ಸಂದಿಯಿಂದ ಮಣ್ಣು ಉದುರಿ ಮಗುವಿನ ಕೌದಿ ತುಂಬಾ ಮಣ್ಣು. ಅತ್ತೆಯನ್ನು ಹೊತ್ತುಕೊಂಡು ಹೊರಗೆ ಬಂದವರು ಬೆಳಗಿನವರೆಗೂ ಗುಡಿ ಕಟ್ಟೆ ಮೇಲೆ ಕೂತಿದ್ದೇವೆ. 2021ರಲ್ಲಿ ಅಲುಗಿದಾಗಲೂ ಗೋಡೆ ಗಟ್ಟಿ ಮಾಡೋಣ ಅಂದಿರಿ. ಯಾರು ಮಾಡಿದಿರಿ ಹೇಳಿ?

ಮನೆ 11: ಗೋಳಗುಮ್ಮಟವೇ ಅಲುಗಿಲ್ಲ, ಚರಿಗೆ ಬೆಕ್ಕು ಬೀಳಿಸಿರಬೇಕು ನೋಡಿ!

ಮನೆ 14: ನಿಮ್ಮದು ಆರ್‌ಸಿಸಿ ಮನೆ, ನಗ್ತೀರಿ.

ಮನೆ 3: ಎಲ್ಲಾ ಆ ಕಲ್ಲು ಕ್ವಾರಿಯಿಂದ. ಹತ್ತು ವರ್ಷದಿಂದ ಹೇಳ್ತಾ ಇದ್ದೇನೆ, ಯಾರೂ ಕೇಳಲಿಲ್ಲ.

ಮನೆ 9: ಕಾಕಾ, ನಡುರಾತ್ರಿ ಯಾರು ಸಿಡಿಸ್ತಾರೆ? ಸೋರುತ್ತೆ ಅಂತ ವರ್ಷಾ ವರ್ಷಾ ಮಾಳಿಗೆ ಮೇಲೆ ಮಣ್ಣು ಹಾಕಿ ಭಾರ ಮಾಡಿದ್ದು ನಾವೇ ಅಲ್ವಾ?

ಮನೆ 22: ನನ್ನ ತವರು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಹತ್ತಿರ. ಅಲ್ಲಿ ದೊಡ್ಡ ಭೂಕಂಪ ಆಗಿದ್ದು 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕರ ಹೊತ್ತು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಮ್ಮ ಓಣಿಯಂಥದ್ದೇ. ಅವೇ ಮೈಮೇಲೆ ಬಿದ್ದವು. ಆಮೇಲೆ 52 ಊರು ಪೂರ್ತಿ ಬೇರೆ ಜಾಗಕ್ಕೆ ಹೋದವು. ಉಳಿದ ಎಷ್ಟೋ ಊರಲ್ಲಿ ಸರ್ಕಾರ ಕಂತಿನಲ್ಲಿ ದುಡ್ಡು ಕೊಟ್ಟಿತು, ಮನೆಯವರೇ ನಿಂತು ರಿಪೇರಿ ಮಾಡಿಸಿದರು. ಹೆಂಗಸರನ್ನೇ ಸಂವಾದ ಸಹಾಯಕರು ಅಂತ ಮಾಡಿದ್ದರು. ಅವರು ಮನೆ ಮನೆಗೆ ಹೋಗಿ ತಿಳಿಸಿ ಹೇಳ್ತಿದ್ದರು. ಗೋಡೆಯ ಎರಡೂ ಮುಖ ಹಿಡಿಯುವ ಉದ್ದ ಕಲ್ಲು ಬೇಕು, ಬಾಗಿಲ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಬೇಕು. ಅದನ್ನು ಕಲಿತ ಮೇಲೆ ನಮ್ಮ ವೈನಿಗೆ ಯಾವ ಗವಂಡಿಯೂ ಸುಳ್ಳು ಹೇಳೋಕೆ ಆಗಲಿಲ್ಲ. ನಾವು ಮೊದಲು ಮಾಳಿಗೆಯ ಜಾಸ್ತಿ ಮಣ್ಣು ಇಳಿಸೋಣ. ಸಲಿಕೆ, ಬುಟ್ಟಿ ಸಾಕು. ಭಾನುವಾರ ಏಳಕ್ಕೆ ಯಾರು ಬರ್ತೀರಿ?

ಮನೆ 17: (ಫಾರ್ವರ್ಡ್) ಇಂದು ರಾತ್ರಿ 2ಕ್ಕೆ ಮಹಾ ಭೂಕಂಪ! 10 ಜನಕ್ಕೆ ಕಳಿಸಿ!!

ಮನೆ 9: ತೆಗೀರಿ ಅದನ್ನ. ಭೂಕಂಪ ಯಾವಾಗ ಬರುತ್ತೆ ಅಂತ ಯಾರಿಗೂ ಮುಂಚೆ ಹೇಳೋಕೆ ಆಗಲ್ಲ. ಸುಮ್ನೆ ಮಕ್ಕಳು ಹೆದರ್ತಾರೆ. ಅಕ್ಕಾ, ನಾನು ಬರ್ತೀನಿ.

ಮನೆ 3: ಮೊದಲು ಡಿಸಿ ಆಫೀಸಿಗೆ ಕ್ವಾರಿ ಮೇಲೆ ಮನವಿ. ನಾನೇ ಬರೀತೀನಿ, ಎಲ್ಲರೂ ಸಹಿ ಹಾಕಿ. ಮಣ್ಣು ಆಮೇಲೆ.

ಮನೆ 5: ಇಳಿಸಿದ ಮಣ್ಣು ಎಲ್ಲಿ ಹಾಕ್ತೀರಿ? ನಮ್ಮ ಮುಂದಿನ ಗಟಾರು ಆಗಲೇ ತುಂಬಿದೆ.

ಮನೆ 11: ಹೌದ್ರಿ, ಆ ವಾಸನೆಗೆ ಊಟ ಇಳಿಯಲ್ಲ.

ಮನೆ 3: ಸರಿ, ಹಾಗಾದರೆ ಭಾನುವಾರ ಗಟಾರು ತೆಗೆಸೋಣ. ಮನೆಗೆ ನೂರು ರೂಪಾಯಿ.

ಮನೆ 5: ನಾನು ಕೊಡ್ತೀನಿ.

ಮನೆ 17: ನಾನೂ.

ಮನೆ 22: ಮಾಳಿಗೆ ಮಣ್ಣು?

ಮನೆ 14: ಅಕ್ಕಾ, ಇವತ್ತೂ ನಾವು ಕಟ್ಟೆ ಮೇಲೇ ಮಲಗ್ತೀವಿ. ಒಂದು ಸೊಳ್ಳೆ ಪರದೆ ಇದ್ದರೆ ಕೊಡ್ತೀರಾ?