ಏಡಿಯ ಗಾಯದಲ್ಲಿ ನೀಲಿ ಹನಿ, ಬಸವನಹುಳು ಸಾಯ್ತಿವೆ, ಮೀನು ಮಾತ್ರ ಆರಾಮ. ಏನಿರಬಹುದು?

ಹೊಳೆಬದಿ (ತೀರ್ಥಹಳ್ಳಿ ಹತ್ತಿರ):
ನಮಸ್ಕಾರ ಎಲ್ಲರಿಗೂ. ಎರಡು ಅಡಿ ಟ್ಯಾಂಕಲ್ಲಿ ಗಪ್ಪಿ, ಕೆರೆಯ ದೊಡ್ಡ ಬಸವನಹುಳು, ಚಪ್ಪಟೆ ಸುರುಳಿಯ ಸಣ್ಣ ಕೆಂಪು ಬಸವನಹುಳು ಇವೆ. ಪಕ್ಕದ ಟಬ್ಬಲ್ಲಿ ಒಂದು ಗದ್ದೆ ಏಡಿ. ಎರಡಕ್ಕೂ ಒಂದೇ ನೀರು: ಮಳೆ ಹಿಡಿದ ಮೇಲೆ ಶೀಟಿನ ಮಾಡಿಂದ ಡ್ರಮ್ಮಿಗೆ ಬಿದ್ದದ್ದು. ಈ ವಾರ ಕೆಂಪು ಹುಳುಗಳು ಸಾಲಾಗಿ ಸತ್ತವು. ದೊಡ್ಡವು ಗಾಜು ಹತ್ತಿ ನೀರಿಂದ ಹೊರಗೆ ಬರ್ತಿವೆ, ಕೆಲವು ಮುಚ್ಚಳ ಬಿಗಿದುಕೊಂಡು ತಳದಲ್ಲಿ ಬಿದ್ದಿವೆ. ಏಡಿ ತಿನ್ನೋದು ಬಿಟ್ಟಿದೆ, ಒಂದು ಕಾಲೂ ಮುರಿದಿದೆ. ಮುರಿದ ಜಾಗದಲ್ಲಿ ಹನಿಯೊಂದು ನಿಂತಿತ್ತು. ಮೊದಲು ನೀರಿನ ಹಾಗೇ ಇತ್ತು, ನೋಡ್ತಾ ನೋಡ್ತಾ ತಿಳಿ ನೀಲಿಗೆ ತಿರುಗಿತು. ಸುತ್ತಲ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ (ಮೈಲುತುತ್ತ, ಸುಣ್ಣ ಕಲಸಿದ ನೀರು) ಹೊಡೆದಿದ್ದಾರೆ. ಅದರ ಮೈಲುತುತ್ತ, ಅಂದ್ರೆ ತಾಮ್ರದ ನೀಲಿ ಉಪ್ಪು, ಏಡಿಯ ಮೈಯೊಳಗೇ ಸೇರಿಬಿಟ್ಟಿದೆ ಅಂತಾರೆ ಮನೆಯವರು. ಅಮೋನಿಯಾ ಟೆಸ್ಟಲ್ಲಿ ಸೊನ್ನೆ ಬಂತು, ಗಾಳಿ ಪಂಪೂ ಓಡ್ತಿದೆ.

ಅಬ್ಬಿನೀರು (ಹೊಸನಗರ):
ಮೊದಲು ಆ ನೀಲಿ ಹನಿಯ ಭಯ ಬಿಡಿ ಮಾರಾಯ್ರೆ. ಏಡಿಯ ರಕ್ತ ಇರೋದೇ ಹಾಗೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರೋದು ಹಿಮೋಗ್ಲೋಬಿನ್, ಅದರಲ್ಲಿ ಕಬ್ಬಿಣ. ಏಡಿ, ಸಿಗಡಿ, ಚೇಳು, ನಿಮ್ಮ ದೊಡ್ಡ ಬಸವನಹುಳು, ಇವುಗಳಲ್ಲಿ ಆ ಕೆಲಸ ಹಿಮೋಸಯನಿನ್ ಅನ್ನೋ ಪ್ರೋಟೀನಿನದು, ಅದರಲ್ಲಿ ತಾಮ್ರ. ಆಮ್ಲಜನಕ ಇಲ್ಲದಾಗ ಅದಕ್ಕೆ ಬಣ್ಣವೇ ಇಲ್ಲ, ಸಿಕ್ಕಿದಾಗ ನೀಲಿ. ನಿಮ್ಮ ಕಣ್ಣೆದುರು ಆ ಹನಿ ಗಾಳಿಯ ಆಮ್ಲಜನಕ ಹಿಡಿದುಕೊಳ್ತು, ಅಷ್ಟೆ. ಒಂದು ಲೆಕ್ಕದಲ್ಲಿ ಅದು ಒಳ್ಳೇ ಸುದ್ದಿ: ರಕ್ತ ಇನ್ನೂ ತನ್ನ ಕೆಲಸ ಮಾಡ್ತಿದೆ.

ಆದರೆ ಮನೆಯವರ ಅನುಮಾನ ಸುಳ್ಳಲ್ಲ. ತಾಮ್ರ ನೀರಿಗೆ ಬಂದಿದೆ ಅಂತಲೇ ನನಗೂ ಅನಿಸ್ತಿದೆ. ಆಮ್ಲಜನಕ ಕಮ್ಮಿಯಾಗಿದ್ದರೆ ಗಪ್ಪಿಗಳು ಮೇಲೆ ಬಂದು ಬಾಯಿ ಬಿಡ್ತಿದ್ದವು. ಮೀನು ಚೆನ್ನಾಗಿದ್ದು ಬಸವನಹುಳು ನೀರು ಬಿಟ್ಟು ಓಡ್ತಿದ್ರೆ ಮೊದಲು ತಾಮ್ರ ನೋಡಬೇಕು. ಶೇಕಡಾ 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವೇ, ಹಾಗಾಗಿ ಲೀಟರಿಗೆ ಸುಮಾರು 2500 ಮಿಲಿಗ್ರಾಂ. ಬಸವನಹುಳುವಿಗೆ ಲೀಟರಿಗೆ ಒಂದು ಮಿಲಿಗ್ರಾಂನ ನೂರರಲ್ಲಿ ಕೆಲವೇ ಪಾಲು ಸಾಕು, ಸಾಯೋಕೆ. ಸುಣ್ಣ ಸೇರಿದ್ದರಿಂದ ಹೆಚ್ಚಿನ ತಾಮ್ರ ಕರಗದೆ ಗೊನೆಗೆ ಅಂಟಿಕೊಳ್ಳತ್ತೆ ನಿಜ. ಆದರೆ ಉದ್ದ ದೋಟಿ ಕೋಲಲ್ಲಿ ಮೇಲಕ್ಕೆ ಹೊಡೆಯುವಾಗ ಗಾಳಿಗೆ ಹಾರಿದ ತುಂತುರು ನಿಮ್ಮ ಶೀಟಿನ ಮೇಲೂ ಕೂತಿರತ್ತೆ. ಮಳೆನೀರು ಅದನ್ನ ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಡ್ರಮ್ಮಿಗೆ ಇಳಿಸ್ತಾ ಇರತ್ತೆ. ಮಳೆನೀರು ಮೆದು ಬೇರೆ (ಕರಗಿದ ಸುಣ್ಣದಂಶ ಕಮ್ಮಿ), ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು.

ಹೊಳೆಬದಿ:
ಅರ್ಥ ಆಗಲಿಲ್ಲ. ರಕ್ತದಲ್ಲೇ ತಾಮ್ರ ಇರೋ ಪ್ರಾಣಿಗೆ ತಾಮ್ರ ವಿಷ ಹೇಗೆ? ರಕ್ತದಲ್ಲಿ ಅದು ಹೆಚ್ಚಾಗಿ ಸಾಯೋದಾ?

ಪಾಠದಮನೆ (ಶಿವಮೊಗ್ಗ, ಪ್ರಾಣಿಶಾಸ್ತ್ರ ಹೇಳಿಕೊಡ್ತೀನಿ):
ಉತ್ತರ ನಿಮ್ಮ ಟ್ಯಾಂಕಲ್ಲೇ ಇದೆ. ಮೊದಲು ಸತ್ತದ್ದು ಚಪ್ಪಟೆ ಸುರುಳಿಯ ಕೆಂಪು ಹುಳು ಅಂದ್ರಲ್ಲ, ಅದರ ರಕ್ತದಲ್ಲಿ ಇರೋದು ಹಿಮೋಗ್ಲೋಬಿನ್ನೇ, ಅದರಿಂದಲೇ ಆ ಕೆಂಪು. ಕಬ್ಬಿಣದ ರಕ್ತದ್ದೂ ಸಾಯ್ತಿದೆ, ತಾಮ್ರದ ರಕ್ತದ್ದೂ ನರಳ್ತಿದೆ. ಅಂದ್ಮೇಲೆ ಪೆಟ್ಟು ಬೀಳ್ತಿರೋದು ರಕ್ತಕ್ಕಲ್ಲ. ಕರಗಿದ ಬಿಡಿ ತಾಮ್ರ ಕಿವಿರು, ಚರ್ಮದ ಜೀವಕೋಶಗಳನ್ನ ಹಿಡಿಯತ್ತೆ. ಸಿಹಿನೀರಿನ ಪ್ರಾಣಿ ಸೋಡಿಯಮ್ಮನ್ನ ನೀರಿಂದ ಸದಾ ಒಳಗೆ ಎಳೆದುಕೊಳ್ತಲೇ ಬದುಕಬೇಕು. ತಾಮ್ರ ಆ ವ್ಯವಸ್ಥೆಯನ್ನೇ ಕೆಡಿಸತ್ತೆ, ಮೈಯ ಲವಣ ಸೋರಿ ಹೋಗತ್ತೆ.

ಹಿಮೋಸಯನಿನ್ನಿನ ತಾಮ್ರ ಹೀಗೆ ಬಿಡಿಯಾಗಿ ಓಡಾಡೋದಿಲ್ಲ. ಎರಡೆರಡು ಪರಮಾಣು ಜೋಡಿಯಾಗಿ ಕೂತಿರತ್ತೆ, ಒಂದೊಂದನ್ನೂ ಪ್ರೋಟೀನಿನ ಮೂರು ಹಿಸ್ಟಿಡಿನ್ (ಒಂದು ಬಗೆಯ ಅಮೈನೋ ಆಮ್ಲ) ಹಿಡಿದಿರತ್ತೆ. ಆ ಎರಡರ ನಡುವೆ ಒಂದು ಆಮ್ಲಜನಕದ ಅಣು ಬಂದು ಕೂರತ್ತೆ, ಬೇಕಾದಲ್ಲಿ ಇಳಿಯತ್ತೆ. ನನಗೆ ಪಾಠ ಮಾಡುವಾಗ ತುಂಬಾ ಇಷ್ಟವಾಗೋ ಜಾಗ ಇದು. ನಮ್ಮಲ್ಲಿ ಹಿಮೋಗ್ಲೋಬಿನ್ ರಕ್ತಕಣದ ಒಳಗಿದ್ದರೆ ಇಲ್ಲಿ ಪ್ರೋಟೀನು ನೇರ ರಕ್ತದ್ರವದಲ್ಲೇ ಕರಗಿರತ್ತೆ. ಅದಕ್ಕೇ ಅಣು ಭಾರೀ ದೊಡ್ಡದು: ಏಡಿಯಲ್ಲಿ ಆರಾರು ತುಂಡು ಸೇರಿದ ಕಟ್ಟು, ಬಸವನಹುಳುವಿನಲ್ಲಿ ಹತ್ತು ಉದ್ದ ಸರಪಳಿ ಸೇರಿದ ಟೊಳ್ಳು ಕೊಳವೆ. ಕೆಲಸ ಒಂದೇ ಆದರೂ ಇವೆರಡರ ಮೂಲ ಬೇರೆ ಬೇರೆ. 1878ರಲ್ಲಿ ಬೆಲ್ಜಿಯಂನ ಲಿಯೋನ್ ಫ್ರೆಡೆರಿಕ್ ಆಕ್ಟೋಪಸ್ ರಕ್ತದಲ್ಲಿ ಇದನ್ನ ಗುರುತಿಸಿ ಹೆಸರಿಟ್ಟ.

ಏಡಿಗೆ ಬೇಕಾದಷ್ಟು ತಾಮ್ರ ಊಟದಲ್ಲೇ ಸಿಗತ್ತೆ, ಉಳಿದದ್ದನ್ನ ಅದರ ಜೀರ್ಣಗ್ರಂಥಿ ಕೂಡಿಟ್ಟುಕೊಳ್ಳತ್ತೆ. ರಕ್ತಕ್ಕೆ ಬೇಕು ಅಂತ ನೀರಿಗೆ ತಾಮ್ರ ಹಾಕೋರೂ ಇದ್ದಾರೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಅಬ್ಬಿನೀರು:
ಈಗ ಮಾಡೋದು: ಜೀವ ಇರೋದನ್ನೆಲ್ಲ ಇವತ್ತೇ ಬಕೆಟ್ಟಿಗೆ ಎತ್ತಿ. ತೋಟದ ಮೇಲ್ಗಡೆಯಿಂದ ಪೈಪಲ್ಲಿ ಬರೋ ಅಬ್ಬಿ (ಗುಡ್ಡದ ಝರಿ) ನೀರಿದ್ದರೆ ಅದು, ಇಲ್ಲದಿದ್ದರೆ ಬಾವಿ ನೀರು. ತೋಟದ ಬಸಿಗಾಲುವೆಯದ್ದು ಬೇಡವೇ ಬೇಡ. ಗಾಳಿ ಕೊಡಿ, ಹಳೇ ನೀರಿನ ಬಿಸಿಗೂ ಇದಕ್ಕೂ ವ್ಯತ್ಯಾಸ ಇರಬಾರದು. ಅಕ್ವೇರಿಯಂ ಅಂಗಡಿಯಲ್ಲಿ ತಾಮ್ರದ ಟೆಸ್ಟ್ ಕಿಟ್ ಸಿಕ್ಕರೆ ಡ್ರಮ್ಮಿನ ನೀರು, ಟ್ಯಾಂಕಿನ ನೀರು ಎರಡನ್ನೂ ನೋಡಿ. ಮೀನಿಗೆ ಬಿಳಿಚುಕ್ಕೆ ಔಷಧಿ ಏನಾದರೂ ಹಾಕಿದ್ರೆ ಬಾಟಲಿ ಓದಿ, ಕೆಲವದರಲ್ಲಿ ತಾಮ್ರವೇ ಇರತ್ತೆ.

ಹೊಳೆಬದಿ:
ಮೀನಿನ ಔಷಧಿ ಹಾಕಿಲ್ಲ. ಕಿಟ್ ಸಿಕ್ಕಿತು. ಡ್ರಮ್ಮಿನ ನೀರಲ್ಲಿ ಬಣ್ಣ ಬಂತು, ಅಬ್ಬಿ ನೀರಲ್ಲಿ ಇಲ್ಲ. ಬಕೆಟ್ಟಿಗೆ ಹಾಕಿದ ದೊಡ್ಡ ಹುಳುಗಳು ಮುಚ್ಚಳ ತೆಗೆದು ಓಡಾಡ್ತಿವೆ. ಏಡಿ ಇವತ್ತು ಸೌತೆಕಾಯಿ ಚೂರು ಹಿಡಿದುಕೊಂಡು ತಿಂತು. ಮುರಿದ ಕಾಲು? ಟ್ಯಾಂಕಿನ ಜಲ್ಲಿ ತೊಳೆದು ಮತ್ತೆ ಬಳಸಬಹುದಾ?

ಪಾಠದಮನೆ:
ಕಾಲು ಪೊರೆ ಬಿಡುವಾಗ ಮತ್ತೆ ಬರತ್ತೆ, ಮೊದಲ ಸಲ ಚಿಕ್ಕದಾಗಿ. ಪೊರೆ ಬಿಟ್ಟ ಸಮಯದಲ್ಲಿ ಏಡಿ ನೀರು ಹೀರಿ ಉಬ್ಬತ್ತೆ, ರಕ್ತ ತೆಳುವಾಗಿ ಹಿಮೋಸಯನಿನ್ ಸಾಂದ್ರತೆಯೂ ಇಳಿಯತ್ತೆ. ಆಗ ಮುಟ್ಟಬೇಡಿ, ಗಾಳಿ ಜಾಸ್ತಿ ಕೊಡಿ. ಬಿಟ್ಟ ಚಿಪ್ಪನ್ನ ಅಲ್ಲೇ ಇರಲಿ ಬಿಡಿ, ತಿನ್ನತ್ತೆ.

ಅಬ್ಬಿನೀರು:
ಜಲ್ಲಿ ಬೇಡ, ತಾಮ್ರ ಅದಕ್ಕೆ ಅಂಟಿಕೊಂಡು ನಿಧಾನಕ್ಕೆ ಬಿಡ್ತಾ ಇರತ್ತೆ. ಸ್ಪಾಂಜನ್ನೂ ಬದಲಿಸಿ. ಹೊಸ ನೀರಿಗೆ ಸ್ವಲ್ಪ ಕಪ್ಪೆಚಿಪ್ಪಿನ ಚೂರು ಹಾಕಿ, ಗಡಸುತನ ಏರತ್ತೆ, ಹುಳುಗಳ ಚಿಪ್ಪಿಗೂ ಒಳ್ಳೇದು. ಮಾಡಿನ ನೀರನ್ನ ಔಷಧಿ ಹೊಡೆಯೋ ಕಾಲ ಮುಗಿದ ಮೇಲೆ, ಶೀಟು ಚೆನ್ನಾಗಿ ತೊಳೆದು, ಕಿಟ್ಟಲ್ಲಿ ನೋಡಿಯೇ ಹಾಕಿ.